ಅತ್ತೆಯ ಕಿರುಬೆರಳು

ನನ್ನ ಗಂಟಲಲ್ಲಿ ನಮ್ಮೂರು ಭೋಜದ ಅರ್ಧ ಜನ ಬಾಡಿಗೆಗಿದ್ದಾರೆ. ನಿಪ್ಪಾಣಿ ಬಸ್ಸಿನ ಕಂಡಕ್ಟರು, ತಂಬಾಕಿನ ದಲಾಲ, ನಮ್ಮಪ್ಪನ ಗೊರಕೆ, ಯಾವ ದನಿ ಬೇಕು ಹೇಳಿ, ತೆಗೆಯುತ್ತೇನೆ. ನನ್ನ ಸ್ವಂತ ದನಿಗೆ ಮಾತ್ರ ಇದುವರೆಗೆ ಯಾರೂ ಚಪ್ಪಾಳೆ ತಟ್ಟಿಲ್ಲ.

ನನ್ನ ಆಟಕ್ಕೆ ಮೊದಲು ನಕ್ಕವಳು ಸೋದರತ್ತೆ. ಬಾಗಿಲ ಬೆಳಕಿಗೆ ಮೊರ ಇಟ್ಟುಕೊಂಡು ದಿನವಿಡೀ ಬೀಡಿ ಕಟ್ಟುತ್ತಿದ್ದಳು. ಸೊಟ್ಟ ಬೀಡಿಗಳನ್ನು ಆರಿಸಿ ಎಸೆಯುವ ಬೀಡಿ ಕಂಪನಿಯ ಗುಮಾಸ್ತನ ದನಿಯಲ್ಲಿ ನಾನು, "ಏನ್ರಿ ಬಾಯಾರ, ಇವು ಬೀಡಿನೋ ಬೆಂಡೀಕಾಯಿನೋ?" ಎಂದರೆ ಹರಿದ ಎಲೆಯೊಂದು ಹಾರಿ ಬರುತ್ತಿತ್ತು. "ಮಂಗ್ಯಾ, ಒಂದಿನ ಖರೇನ ಅಂವಾ ಬಂದ ನಿಂತಿರತಾನ ನೋಡ!"

ಮಧುಮೇಹ ದಿನದಂದು ಶಾಲೆಯ ಅಂಗಳದಲ್ಲಿ ಶಿಬಿರವಿರುತ್ತಿತ್ತು. ಸಕ್ಕರೆ ಕಾಯಿಲೆಯನ್ನು ಮೊದಲೇ ಹಿಡಿಯಬೇಕೆಂದು ಜಗತ್ತಿನ ದೇಶಗಳೆಲ್ಲ ಒಂದಾಗಿವೆ ಎಂದು ಡಾಕ್ಟರು ಮೈಕಿನಲ್ಲಿ ಹೇಳುತ್ತಿದ್ದರು. ತಪಾಸಣೆ ಪುಕ್ಕಟೆ, ಗುಳಿಗೆಯೂ ಪುಕ್ಕಟೆ. ಅತ್ತೆ ಪ್ರತಿ ವರ್ಷ ಸಾಲಿನಲ್ಲಿ ನಿಂತು, ಸೂಜಿ ಕಂಡೊಡನೆ ತಿರುಗಿ ಬರುತ್ತಿದ್ದಳು.

"ಹೆದರತೀಯೇನ ಅತ್ತಿ?"

"ಹೆದರಿಕಿ ಅಲ್ಲಲೇ. ಬೆರಳಿಗೆ ತೂತ ಬಿತ್ತಂದ್ರ ತಂಬಾಕು ಹೊಕ್ಕು ಉರಿತೈತಿ. ಆಮ್ಯಾಲ ಬೀಡಿ ನೀ ಕಟ್ಟತೀಯೇನ?"

ನರ್ಸ್ ತೋರುಬೆರಳು ಕೇಳುತ್ತಿದ್ದಳು, ಅತ್ತೆ ಅದನ್ನೇ ಸೆರಗಿನೊಳಗೆ ಬಚ್ಚಿಡುತ್ತಿದ್ದಳು. ಬೀಡಿ ಕಟ್ಟುವಾಗ ಎಡಗೈಯ ಕಿರುಬೆರಳಿಗೆ ಏನೂ ಕೆಲಸವಿಲ್ಲ. ಅದನ್ನು ಚುಚ್ಚಿದರೂ ನಡೆಯುತ್ತದೆಂದು ಅತ್ತೆಗೆ ಗೊತ್ತಿರಲಿಲ್ಲ. ಯಾಕೆ ಕೈ ಕೊಡುವುದಿಲ್ಲವೆಂದು ನರ್ಸ್ ಕೇಳಲಿಲ್ಲ. ಇಡೀ ಜಗತ್ತು ನಮ್ಮ ಶಾಲೆಯವರೆಗೆ ಬಂತು. ಅತ್ತೆಯ ಕೈವರೆಗೆ ಉಳಿದ ಒಂದು ಗೇಣು ದಾಟಲಿಲ್ಲ.

ಬರಬರುತ್ತ ಅತ್ತೆಗೆ ಬೀಡಿಗೆ ಸುತ್ತುವ ದಾರ ಕಾಣದಾಯಿತು. ದಾರವನ್ನು ಬೈದಳು, ಬಲ್ಬನ್ನು ಬೈದಳು. ಕೊನೆಗೆ ಚಿಕ್ಕೋಡಿಯ ಆಸ್ಪತ್ರೆಗೆ ಕರೆದೊಯ್ದೆವು. ಸಕ್ಕರೆ ಎಷ್ಟೋ ವರ್ಷದಿಂದ ಇದೆ, ಕಣ್ಣಿನೊಳಗೆ ರಕ್ತ ಸೋರಿದೆ ಎಂದರು ಕಣ್ಣಿನ ಡಾಕ್ಟರು. "ಮೊದಲ ಬಂದಿದ್ರ ಉಳಿಸಬಹುದಿತ್ರಿ."

ಆದರೂ ಅತ್ತೆ ಕೈ ಅಂದಾಜಿನಲ್ಲೇ ಬೀಡಿ ಕಟ್ಟುತ್ತಿದ್ದಳು. ಒಂದು ಸಂಜೆ ಅವಳನ್ನು ನಗಿಸೋಣವೆಂದು ಬಾಗಿಲಲ್ಲಿ ನಿಂತು ಗುಮಾಸ್ತನ ದನಿ ತೆಗೆದೆ. ಎಲೆ ಹಾರಿ ಬರಲಿಲ್ಲ. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಈ ಸಲ ಒಂಚೂರ ಸೊಟ್ಟ ಆಗ್ಯಾವ್ರಿ ಸಾಹೇಬ್ರ. ಕೆಲಸ ಬಿಡಸಬ್ಯಾಡ್ರಿ."

"ಅತ್ತಿ, ನಾನ ಬೇ."

"ನೀ ಅಂದ್ರ ಯಾರು?"

ಉತ್ತರ ಹೇಳಲು ನನ್ನದೊಂದು ದನಿ ಬೇಕಿತ್ತು. ಅಷ್ಟು ಜನರ ನಡುವೆ ಅದನ್ನು ಹುಡುಕಿ ತೆಗೆಯಲು ಹೊತ್ತು ಹಿಡಿಯಿತು.

ಅತ್ತೆಯ ಬೀಡಿ ಕೆಲಸ ಆ ಮಳೆಗಾಲದಲ್ಲೇ ಬಿಟ್ಟುಹೋಯಿತು. ಈಗ ಅವಳ ಹೊಸ್ತಿಲಲ್ಲಿ ನಾನು ನಾನಾಗಿಯೇ ಕೆಮ್ಮುತ್ತೇನೆ. ಸಪ್ಪೆ ಕೆಮ್ಮು, ಆದರೂ ಅವಳಿಗೆ ಗುರುತು ಹತ್ತುತ್ತದೆ. ಸಕ್ಕರೆ ನೋಡುವ ಯಂತ್ರ ತೆಗೆದು, "ಕಿರುಬೆರಳ ಕೊಡ ಅತ್ತಿ" ಎನ್ನುತ್ತೇನೆ.

ಅತ್ತೆ ಎರಡೂ ಕೈ ಮುಂದೆ ಚಾಚುತ್ತಾಳೆ.

"ಯಾವ್ದಾರ ಚುಚ್ಚೋ. ಈಗ ಎಲ್ಲಾ ಖಾಲಿನ ಅದಾವ."