ಆಲಿಂಗ್ ಕೋರಿಂಗ್ ಅವರ ಶನಿವಾರದ ಚಟ

ಮೀನುಗಾರರ ಊರಾದ ನವೋತಾಸ್‌ನ ನಮ್ಮ ಗಲ್ಲಿಯಲ್ಲಿ ಬಟ್ಟೆ ಒಗೆದು ಬದುಕುವ ಆಲಿಂಗ್ ಕೋರಿಂಗ್ ಅವರಿಗೆ ಇರುವುದು ಒಂದೇ ಚಟ, ಶನಿವಾರ ಮಧ್ಯಾಹ್ನ ಟಿವಿಯಲ್ಲಿ ಬರುವ ನಿಜ ಅಪರಾಧಗಳ ಕಾರ್ಯಕ್ರಮ. ಕೊಲೆ, ಮೋಸ, ಅಪಹರಣ, ಯಾವುದಾದರೂ ಸರಿ, ಸಾಬೂನಿನ ಕೈಯಲ್ಲೇ ಬಂದು ಕೂರುತ್ತಾರೆ. ಗಲ್ಲಿಯ ಅರ್ಧ ಹೆಂಗಸರು ಅಲ್ಲೇ ಸೇರಿ ಬೇಯಿಸಿದ ಶೇಂಗಾ ಸುಲಿಯುತ್ತಾ ಸತ್ತವರಿಗೆ ಮರುಗುತ್ತಾರೆ, ಕೊಂದವರಿಗೆ ಶಾಪ ಹಾಕುತ್ತಾರೆ. ಊರವರ ಕಣ್ಣೀರು ನೋಡಿಕೊಂಡು ಶೇಂಗಾ ತಿನ್ನುವ ಜನ ಎಂದು ನನ್ನಮ್ಮ ಮೂಗು ಮುರಿಯುತ್ತಿದ್ದಳು. ನಾನೂ ಅವಳ ಮಗಳೇ ತಾನೇ. ಬೇರೆಯವರ ಗೋಳು ಅಷ್ಟು ರುಚಿಯಾ ಎಂದು ಒಮ್ಮೆ ಮುಖಕ್ಕೇ ಕೇಳಿಬಿಟ್ಟೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. "ಅಳೋದನ್ನ ಯಾರು ನೋಡ್ತಾರೆ ಕಣೇ? ಮೋಸ ಮಾಡಿದೋಳು ಮೊದಲನೇ ದಿನ ಅವರ ಮನೆಗೆ ಬಂದಾಗ ಹೇಗೆ ನಕ್ಕಿದ್ಲು, ನಾನು ನೋಡೋದು ಅದನ್ನ," ಎಂದರು.

ನನಗೆ ಹತ್ತೊಂಬತ್ತು ತುಂಬಿದ ವರ್ಷ ವ್ಯಾಂಜಿ ಎಂಬಾಕೆ ನಮ್ಮ ಮನೆಗೆ ಬರತೊಡಗಿದಳು. ಮಲೇಷ್ಯಾದ ಹೋಟೆಲಿನಲ್ಲಿ ನನಗೆ ಕೆಲಸ ಕೊಡಿಸುತ್ತೇನೆಂದಳು. ಅಮ್ಮ ಕರಗಿಹೋಗಿ, ಆಗಷ್ಟೇ ಹುಟ್ಟಿದ್ದ ನನ್ನ ತಮ್ಮನಿಗೆ ಅವಳನ್ನೇ ಜ್ಞಾನತಾಯಿ, ಅಂದರೆ ಚರ್ಚಿನ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿಕೊಳ್ಳುವವಳನ್ನಾಗಿ ಮಾಡಿದಳು. ನಮ್ಮಲ್ಲಿ ಮಗುವಿನ ಜ್ಞಾನತಾಯಿಯಾದವಳು ಒಡಹುಟ್ಟಿದವಳಿಗಿಂತ ಹತ್ತಿರ. ಅವಳ ಬಳಿ ಕಾಗದಪತ್ರ ಕೇಳುವುದೆಂದರೆ ಮುಖಕ್ಕೆ ಉಗಿದ ಹಾಗೆ. ಹಾಗಾಗಿ ಯಾರೂ ಕೇಳಲಿಲ್ಲ. ಭಾನುವಾರ ಮಗುವಿನ ಜ್ಞಾನಸ್ನಾನ, ಬುಧವಾರ ನನ್ನ ವಿಮಾನ.

ಭಾನುವಾರದ ಊಟಕ್ಕೆ ಪಾನ್ಸಿಟ್ ಶಾವಿಗೆ ಬಡಿಸುತ್ತಿದ್ದ ಆಲಿಂಗ್ ಕೋರಿಂಗ್ ಒಂದು ವಿಷಯ ಗಮನಿಸಿದರು. ಚರ್ಚಿನಲ್ಲೂ ಮನೆಯಲ್ಲೂ ಫೋಟೊ ತೆಗೆಯುವಾಗೆಲ್ಲ ಜ್ಞಾನತಾಯಿಯೇ ನಾಪತ್ತೆ. ಒಮ್ಮೆ ಕಣ್ಣಿಗೆ ಧೂಳು, ಒಮ್ಮೆ ಬಚ್ಚಲು, ಒಮ್ಮೆ ಯಾರದೋ ಫೋನು. ಅವರು ಸೌಟು ಕೆಳಗಿಟ್ಟು, ಮಗುವನ್ನು ಅವಳ ಮಡಿಲಿಗೆ ಹಾಕಿ, ಎದುರಿಗೇ ಫೋನು ಹಿಡಿದು ನಿಂತರು. ವ್ಯಾಂಜಿ ಮಗುವಿನ ಲೇಸಿನ ಟೋಪಿಯ ಹಿಂದೆ ಮುಖ ಮರೆಸಿದಳು.

"ಮುಖ ಎತ್ತಮ್ಮ," ಎಂದರು ಆಲಿಂಗ್ ಕೋರಿಂಗ್. "ಹಾಗೇ ಈ ಹುಡುಗೀನ ಕಳಿಸ್ತಿದೀಯಲ್ಲ, ಅದರ ಸರ್ಕಾರಿ ಪರವಾನಗಿನೂ ಒಂಚೂರು ತೋರಿಸ್ಬಿಡು."

ಅಮ್ಮನಿಗೆ ತಲೆ ಎತ್ತಲಾಗದಷ್ಟು ಅವಮಾನ. ಟಿವಿ ನೋಡಿ ನೋಡಿ ನಿಮ್ಮ ತಲೆ ಕೆಟ್ಟಿದೆ, ಮೊದಲು ನಮ್ಮ ಮನೆಯಿಂದ ಹೊರಡಿ ಎಂದು ಎಲ್ಲರೆದುರು ಅವರನ್ನು ಹೊರಗೆ ಕಳಿಸಿದಳು. ನಾನು ತುಟಿ ಬಿಚ್ಚಲಿಲ್ಲ. ಅದರ ನಾಚಿಕೆ ನನಗೆ ಈಗಲೂ ಇದೆ.

ಪರವಾನಗಿ ತರುತ್ತೇನೆಂದು ಹೋದ ವ್ಯಾಂಜಿ ಮರಳಲಿಲ್ಲ. ಮರುದಿನ ಅವಳ ಫೋನು ಬಂದ್ ಆಗಿತ್ತು, ಅವಳು ಕೊಟ್ಟ ಕಚೇರಿಯ ವಿಳಾಸದಲ್ಲಿ ಕೋಳಿ ಮೇವಿನ ಅಂಗಡಿಯಿತ್ತು. ಅವಳನ್ನು ನಂಬಿ ಹೊರಟ ಇಬ್ಬರು ಹುಡುಗಿಯರಿಂದ ಐದು ತಿಂಗಳಾದರೂ ಸುದ್ದಿಯಿಲ್ಲವೆಂದು ಠಾಣೆಯಲ್ಲಿ ಹೇಳಿದರು.

ನಾನೀಗ ಇಲ್ಲೇ ಮೀನಿನ ಕಾರ್ಖಾನೆಯಲ್ಲಿದ್ದೇನೆ. ಎಷ್ಟು ತೊಳೆದರೂ ಕೈಯ ವಾಸನೆ ಹೋಗುವುದಿಲ್ಲ, ಆದರೂ ದಿನಾ ದೇವರ ಜೊತೆಗೆ ಆಲಿಂಗ್ ಕೋರಿಂಗ್ ಅವರನ್ನೂ ನೆನೆಯುತ್ತೇನೆ.

ಅಮ್ಮ ಅವರ ಮನೆಗೆ ಹೋದದ್ದು ಆ ಜ್ಞಾನಸ್ನಾನದ ಮುಂದಿನ ಶನಿವಾರ. ನನ್ನ ಕೈ ಬಿಗಿಯಾಗಿ ಹಿಡಿದು ಬಾಗಿಲಲ್ಲೇ ನಿಂತಳು. ಟಿವಿಯಲ್ಲಿ ಮಗಳನ್ನು ಕಳೆದುಕೊಂಡ ಯಾವಳೋ ತಾಯಿ ಕ್ಯಾಮೆರಾಗೆ ಬೆನ್ನು ತಿರುಗಿಸಿ ಕೂತು ಅಳುತ್ತಿದ್ದಳು.

"ಆಲಿಂಗ್ ಕೋರಿಂಗ್," ಎಂದಳು ಅಮ್ಮ, "ಆ ತಾಯಿ ಜಾಗದಲ್ಲಿ ಕೂರ್ಬೇಕಾಗಿದ್ದೋಳು ನಾನು."