ಇಬ್ಬರಾದರೆ ಖರ್ಚು ಡಬಲ್

ಮಾಯಾಳ ಮನೆಯವರು ಹೇಳದೆ ಕೇಳದೆ ಊರು ಬಿಟ್ಟರು ಅಂತ ನಮ್ಮ ಬೀದಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಹೇಳುವವರಲ್ಲಿ ಮೊದಲನೆಯವಳು ನಮ್ಮವ್ವ. "ಅಷ್ಟು ವರ್ಷ ನಮ್ಮ ಮನಿ ರೊಟ್ಟಿ ತಿಂದ್ರು, ಹೋಗೂಮುಂದ ಒಂದು ಮಾತು ಹೇಳ್ಲಿಲ್ಲ ನೋಡ್ರಿ." ಕೇಳಿದವರು ತಲೆಯಾಡಿಸಿ, "ನೇಪಾಳದವರೇ ಹಂಗೆ" ಅಂತ ಒಂದು ಇಡೀ ದೇಶದ ಮೇಲೆ ತೀರ್ಪು ಕೊಟ್ಟು ನೀರಿನ ಕೊಡ ಎತ್ತಿಕೊಂಡು ಹೋಗುತ್ತಾರೆ.

ನಾನು ಒಪ್ಪುವುದಿಲ್ಲ. ಒಪ್ಪದಿರುವುದು ನನ್ನ ಹಳೇ ಚಾಳಿ, ನಿಜ. ಆದರೆ ಈ ವಿಷಯದಲ್ಲಿ ನನ್ನ ಹತ್ತಿರ ಸಾಕ್ಷಿ ಇದೆ. ಒಂದು ನೂರು ಪುಟದ ನೋಟ್‌ಬುಕ್ಕು. ಮುಂದಿನಿಂದ ತೆರೆದರೆ ಆರನೇ ಕ್ಲಾಸಿನ ಸಮಾಜ ವಿಜ್ಞಾನ. ತಿರುಗಿಸಿ ಹಿಂದಿನಿಂದ ತೆರೆದರೆ ನನ್ನ ದುಂಡು ಅಕ್ಷರದಲ್ಲಿ, ಕೆಳಗೆ ಎರಡು ಗೆರೆ ಎಳೆದು, "ಕಡಿಮೆ ಖರ್ಚಿನಲ್ಲಿ ಫಾರಿನ್ನಿಗೆ ಹೋಗುವುದು ಹೇಗೆ". ಹೇಳಿದವಳು ಮಾಯಾ, ಬರೆದುಕೊಂಡವಳು ನಾನು. ಒಂದು ಇಡೀ ಬೇಸಿಗೆ ರಜೆ ದಿನಾ ಹೇಳಿದಳು. ಅವಳಷ್ಟು ಹೇಳಿ ಹೋದ ಇನ್ನೊಬ್ಬರನ್ನು ನಾನು ನೋಡಿಲ್ಲ.

ಆಗ ಇಂದಿರಾನಗರದ ಬಂಗಲೆಗಳು ಒಂದೊಂದಾಗಿ ಆಫೀಸುಗಳಾಗುತ್ತಿದ್ದವು. ಮೆಟ್ರೋ ಇನ್ನೂ ಹೊಸದು; ತಲೆ ಮೇಲೆ ಅದು ಹೋದರೆ ಆಟ ನಿಲ್ಲಿಸಿ ಕೈ ಬೀಸುತ್ತಿದ್ದೆವು. ಅಂಥ ಒಂದು ಬಂಗಲೆಗೆ ಮಾಯಾಳ ಅಪ್ಪ ವಾಚ್‌ಮನ್. ಎಲ್ಲರೂ ಅವರನ್ನು ಬಹಾದ್ದೂರ್ ಅಂತ ಕರೆಯುತ್ತಿದ್ದರು. ಅವರ ಹೆಸರು ತಿಲಕ್. ಮೆಟ್ಟಿಲ ಕೆಳಗೆ, ನೀರಿನ ಸಂಪಿನ ಪಕ್ಕದಲ್ಲಿ, ಒಂದು ಮಂಚ ಹಿಡಿಯುವಷ್ಟು ರೂಮು. ಅದರಲ್ಲಿ ಅಪ್ಪ, ಅಮ್ಮ, ಮಾಯಾ. ಹೊರಗೆ ಜನರೇಟರಿನ ಡೀಸೆಲ್ ವಾಸನೆ, ಒಳಗೆ ಅವಳಮ್ಮ ಹುಳಿ ಬರಿಸಿ ಒಣಗಿಸಿಟ್ಟ ಸೊಪ್ಪಿನ ಸಾರಿನ ವಾಸನೆ. ಮೊದಲ ಸಲ ಮೂಗು ಮುಚ್ಚಿಕೊಂಡಿದ್ದೆ. ಮೂರನೇ ಸಲ ಇನ್ನೊಂದು ಲೋಟ ಕೇಳಿದ್ದೆ.

ನಾವು ಯಾದಗಿರಿ ಕಡೆಯವರು. ಅಪ್ಪ ಗಾರೆ ಕೆಲಸ, ಅವ್ವ ಎರಡು ಮನೆಗಳಲ್ಲಿ ಅಡುಗೆ. ಹಲಸೂರಿನ ಕಡೆಗೆ ನಾಲ್ಕು ಬೀದಿ ಆಚೆ ನಮ್ಮ ಬಾಡಿಗೆ ರೂಮು, ಅದರಲ್ಲಿ ಐದು ಜನ. ಮಾಯಾ ಮತ್ತು ನಾನು ಒಂದೇ ಕನ್ನಡ ಶಾಲೆ, ಒಂದೇ ಬೆಂಚು.

ಎಲ್ಲ ಶುರುವಾದದ್ದು ಸಿಂಗಾಪುರದಿಂದ. ಅವ್ವ ಅಡುಗೆ ಮಾಡುತ್ತಿದ್ದ ಮನೆಯ ಹುಡುಗಿ ರಜೆಗೆ ಅಲ್ಲಿಗೆ ಹೊರಟಿದ್ದಳು. ಬಂಗಲೆಯ ಕಾರು ನಿಲ್ಲಿಸೋ ಜಾಗದಲ್ಲಿ ನಾಲ್ಕೈದು ಹುಡುಗಿಯರು ಕುಂಟೆಬಿಲ್ಲೆ ಆಡುವಾಗ ನಾನು ಆ ಸುದ್ದಿ ಹೇಳಿ ಹೊಟ್ಟೆ ಉರಿಸಿಕೊಂಡೆ.

"ನಾನು ಮೂರು ಸಲ ಫಾರಿನ್ನಿಗೆ ಹೋಗಿದ್ದೀನಿ," ಅಂದಳು ಮಾಯಾ, ಬಿಲ್ಲೆ ಎಸೆಯುತ್ತಾ.

"ಎಲ್ಲಿಗೆ?"

"ನಮ್ಮೂರಿಗೆ."

ಎಲ್ಲರೂ ಕಿಸಕ್ಕಂದರು. ಆ ವರ್ಷ ತಾನೇ ಶಾಲೆಯ ಚರ್ಚಾ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂದಿತ್ತು. ಬಹುಮಾನದ ಸ್ಟೀಲ್ ಲೋಟದಲ್ಲೇ ಮೂರು ಹೊತ್ತು ನೀರು ಕುಡಿಯುತ್ತಿದ್ದೆ. ಸೊಂಟಕ್ಕೆ ಕೈ ಇಟ್ಟು ನಿಂತೆ.

"ಪಾಯಿಂಟ್ ಒಂದು, ವಿಮಾನ ಹತ್ತಿದ್ಯಾ? ಇಲ್ಲ. ಪಾಯಿಂಟ್ ಎರಡು, ಪಾಸ್‌ಪೋರ್ಟ್ ಇದ್ಯಾ? ಇಲ್ಲ. ಪಾಯಿಂಟ್ ಮೂರು, ನಮ್ಮ ನೋಟೇ ಅಲ್ಲೂ ನಡೆಯುತ್ತೆ ಅಂತ ನೀನೇ ಹೇಳಿದ್ದೆ. ಅದ್ಯಾವ ಸೀಮೆ ಫಾರಿನ್ನು ಮಗಾ? ಬಸ್ಸಲ್ಲಿ ಟಿನ್ ಫ್ಯಾಕ್ಟರಿ ಸ್ಟಾಪ್ ದಾಟಿದ ಹಾಗೆ!"

ಮಾಯಾ ಬಿಲ್ಲೆ ಎತ್ತಿಕೊಂಡಳು. "ಅಲ್ಲಿ ಗಡಿಯಾರ ಕಾಲು ಗಂಟೆ ಮುಂದೆ ಇರುತ್ತೆ. ಗಡಿ ಗೇಟು ದಾಟಿದ ತಕ್ಷಣ ಅಪ್ಪ ವಾಚ್ ತಿರುಗಿಸ್ತಾರೆ."

"ಒಂದು ಗಂಟೆ ಅಂದಿದ್ರೆ ನಂಬ್ತಿದ್ದೆ. ಕಾಲು ಗಂಟೆ ಮುಂದೆ ಇರೋ ದೇಶ ಎಲ್ಲಿದೆ ಗುರು? ನಿಮ್ಮಪ್ಪನ ವಾಚ್ ಕೆಟ್ಟಿದೆ ಅಷ್ಟೇ."

ನಗು ಬಂಗಲೆಯ ಗೋಡೆಗೆ ಹೊಡೆದು ವಾಪಸ್ ಬಂತು. ಅವತ್ತಿಂದ ಹುಡುಗಿಯರಿಗೆಲ್ಲ ಅವಳು "ಕಾಲು ಗಂಟೆ" ಆದಳು. ಆ ಹೆಸರಿಟ್ಟ ಹೆಮ್ಮೆ ನನ್ನದು.

ಮಾರನೇ ದಿನ ಅವಳು ಸಂಪಿನ ಮುಚ್ಚಳದ ಮೇಲೆ ಕೂತು ನನ್ನನ್ನು ಕರೆದಳು. ಕೋಪದ ಸುಳಿವೇ ಇಲ್ಲ. "ವಿಮಾನ ಇಲ್ದೆ ಹೋಗೋದು ಹೆಂಗೆ ಅಂತ ಹೇಳ್ತೀನಿ, ಬರ್ಕೋ. ಆಮೇಲೆ ನೀನೇ ಬಂದು ನೋಡು, ಫಾರಿನ್ನೋ ಅಲ್ವೋ."

ಹೀಗೆ ನೋಟ್‌ಬುಕ್ಕು ಶುರುವಾಯಿತು. ಅವಳು ಹೇಳಿದ್ದು ನೀಲಿ ಪೆನ್ನಿನಲ್ಲಿ, ನನ್ನ ಆಕ್ಷೇಪಣೆ ಪಕ್ಕದಲ್ಲೇ ಕೆಂಪು ಪೆನ್ನಿನಲ್ಲಿ. ಮೊದಲನೆಯದು ಟವಲ್. ಪಟ್ನಾ ರೈಲಿನ ಜನರಲ್ ಬೋಗಿ ಹೊರಡೋ ಸ್ಟೇಷನ್ನಿನಲ್ಲೇ ತುಂಬಿಹೋಗುತ್ತೆ. ಅಪ್ಪ ಮುಂಚೆನೇ ಹೋಗಿ ಕಿಟಕಿಯಿಂದ ಟವಲ್ ಎಸೀಬೇಕು. ಟವಲ್ ಬಿದ್ದ ಜಾಗ ನಮ್ಮದು. ಕೆಂಪು: ಟವಲ್ ಟಿಕೆಟ್ ಅಲ್ಲ. ನೀರು ದುಡ್ಡು ಕೊಟ್ಟು ಕೊಳ್ಳಬಾರದು; ಯಾವ ಸ್ಟೇಷನ್ನಿನಲ್ಲಿ ರೈಲು ಜಾಸ್ತಿ ಹೊತ್ತು ನಿಲ್ಲುತ್ತೆ ಅಂತ ಬಾಯಿಪಾಠ ಮಾಡಿ ಅಲ್ಲಿ ಮಾತ್ರ ಇಳಿಯಬೇಕು. ಬಟ್ಟೆ ಬ್ಯಾಗಿಗೆ ಹಾಕಬಾರದು, ಎರಡು ಮೂರು ಫ್ರಾಕು ಒಂದರ ಮೇಲೊಂದು ಮೈಗೆ ಹಾಕಿಕೊಂಡರೆ ಬ್ಯಾಗಿನಲ್ಲಿ ಊಟಕ್ಕೆ ಜಾಗ. ಕೆಂಪು: ಸೆಖೆ. ಗಡಿ ಹತ್ತಿರ ಮೊದಲು ಕರೆಯೋ ಟಾಂಗಾ ಹತ್ತಬಾರದು. ಅವನ ಕಣ್ಣ ಮುಂದೇನೇ ಸ್ವಲ್ಪ ದೂರ ನಡೆದರೆ ಅವನೇ ಹಿಂದೆ ಬಂದು ಅರ್ಧ ರೇಟಿಗೆ ಇಳಿಯುತ್ತಾನೆ.

ಊಟದ ವಿಷಯಕ್ಕೆ ಬಂದಾಗ ನಮ್ಮ ಮನೆಯ ಖಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿಪುಡಿಯಲ್ಲಿ ಅದ್ದುತ್ತಾ ಹೇಳಿದ್ದಳು: "ಈ ರೊಟ್ಟಿ ಫಾರಿನ್ನಿಗೆ ಅಂತಾನೇ ಮಾಡಿರೋದು ಗುರು. ತಿಂಗಳಾದ್ರೂ ಕೆಡಲ್ಲ. ನಿಮ್ಮವ್ವನಿಗೆ ಗೊತ್ತೇ ಇಲ್ಲ, ಅವರು ಎಂಥ ಸಾಮಾನು ಮಾಡ್ತಿದ್ದಾರೆ ಅಂತ."

"ಗಡಿಯಲ್ಲಿ ಪೊಲೀಸಿನವರು ಎಲ್ಲಿಗೆ ಅಂತ ಕೇಳಿದ್ರೆ ಮನೆಗೆ ಅನ್ನಬೇಕು," ಅಂದಳು ಇನ್ನೊಂದು ದಿನ. "ಮನೆಗೆ ಹೋಗೋರನ್ನ ಜಾಸ್ತಿ ಕೇಳಲ್ಲ."

"ನಾನು ಹಾಗಂದ್ರೆ ಸುಳ್ಳಾಗುತ್ತೆ."

"ನನ್ನ ಮನೆಗೆ ಅನ್ನು. ಸುಳ್ಳು ಎಲ್ಲಿಂದ ಬಂತು?"

ಆ ಪುಟದಲ್ಲಿ ಮಾತ್ರ ಕೆಂಪು ಇಲ್ಲ.

ಮೇ ತಿಂಗಳ ನಡುವೆ ಒಂದು ಮಧ್ಯಾಹ್ನ, ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳು ಕೈಯಲ್ಲಿಟ್ಟುಕೊಂಡು, "ಕೊನೇದು ಬರ್ಕೋ," ಅಂದಳು. "ಒಬ್ಬರೇ ಹೋಗಬಾರದು. ಇಬ್ಬರು ಹೋಗಬೇಕು."

"ಯಾಕೆ?"

ಬಂಗಲೆಗೆ ಹೊಸ ಬಾಡಿಗೆಯವರು ಬರುತ್ತಿದ್ದರು. ವಾಚ್‌ಮನ್ ಇರಲಿ, ಸಂಸಾರ ಬೇಡ ಅಂದಿದ್ದರಂತೆ. ಅಮ್ಮನನ್ನೂ ಅವಳನ್ನೂ ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಅಪ್ಪ ಒಬ್ಬರೇ ವಾಪಸ್ ಬರುವುದು ಅಂತ ಮನೆಯಲ್ಲಿ ಮಾತಾಗಿತ್ತು. "ನೀನೂ ಬಂದ್ರೆ ನಿನ್ನ ವಾಪಸ್ ಕರ್ಕೊಂಡು ಬರಲೇಬೇಕಲ್ಲ," ಅಂದಳು ಮಾಯಾ. "ಹುಡುಗಿ ಒಬ್ಬಳೇ ಆಗ್ತಾಳೆ ಅಂತ ಜೊತೆಗೆ ನನ್ನನ್ನೂ ಕರ್ಕೊಂಡು ಬರ್ತಾರೆ. ಇಬ್ಬರು ಹೋದ್ರೆ ಇಬ್ಬರೂ ಬರ್ತೀವಿ."

ನಾನು ಕೆಂಪು ಪೆನ್ನು ತೆಗೆದು ಬರೆದೆ: ತಪ್ಪು. ಇಬ್ಬರಾದರೆ ಖರ್ಚು ಡಬಲ್.

ಅವಳು ಅದನ್ನು ಓದಿದಳು. ಕಣ್ಣಲ್ಲಿ ನೀರು ಬಂತು. ನಮಗೆ ಚರ್ಚೆ ಕಲಿಸಿದ ಮಿಸ್ ಹೇಳಿಕೊಟ್ಟಿದ್ದರು, ಎದುರಾಳಿ ಹತ್ತಿರ ಪಾಯಿಂಟ್ ಮುಗಿದಾಗ ಅಳು ಬರುತ್ತೆ, ನೀವು ಕರಗಬೇಡಿ ಅಂತ. ನಾನು ಕರಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು.

"ಹಾಗಾದ್ರೆ ನಾನೇ ನಿಮ್ಮನೇಲಿ ಇರ್ಲಾ?" ಅಂದಳು ಆಮೇಲೆ, ಮಾವಿನಕಾಯಿಯನ್ನು ನೋಡುತ್ತಾ. "ಏಳನೇ ಕ್ಲಾಸು ಮುಗಿಯೋವರೆಗೆ ಅಷ್ಟೇ. ಕಡಿಮೆ ತಿಂತೀನಿ. ನಿಮ್ಮವ್ವನ್ನ ಕೇಳ್ತೀಯಾ?"

"ಕೇಳ್ತೀನಿ."

ಕೇಳಲಿಲ್ಲ. ಒಂದು ರೂಮು, ಐದು ಜನ, ಅವ್ವ ಏನು ಹೇಳುತ್ತಾಳೆ ಅಂತ ನನಗೆ ಗೊತ್ತಿತ್ತು. ಗೊತ್ತಿತ್ತು ಅಂದುಕೊಂಡಿದ್ದೆ. ಚರ್ಚೆ ಕಲಿತವರಿಗೆ ಬರುವ ರೋಗ ಇದು: ಎದುರಿನವರು ಬಾಯಿ ತೆರೆಯುವ ಮುಂಚೆ ಅವರ ಉತ್ತರವನ್ನೂ ನಾವೇ ಬರೆದು ಮುಗಿಸಿರುತ್ತೇವೆ. ಮಾರನೇ ದಿನ ಮಾಯಾಳಿಗೆ ಹೇಳಿದೆ, "ಕೇಳ್ದೆ. ಆಗಲ್ಲ ಅಂದ್ಲು."

"ಹೂಂ," ಅಂದಳು. ಬೆರಳಲ್ಲಿ ದಿನ ಎಣಿಸಿ, "ಭಾನುವಾರ ಪಟ್ನಾ ರೈಲು. ಅವತ್ತು ನೀನು ಚಿಕ್ಕಮ್ಮನ ಮನೇಲಿ ಇರ್ತೀಯಲ್ಲ? ಕೆ.ಆರ್.ಪುರದಲ್ಲಿ ನಿಲ್ಲುತ್ತೆ. ಮನಸ್ಸು ಬದಲಾದ್ರೆ ಬಾ. ನನ್ನ ಪಕ್ಕ ಟವಲ್ ಹಾಕಿರ್ತೀನಿ."

ನನ್ನ ಚಿಕ್ಕಮ್ಮನ ಮನೆ ಕೆ.ಆರ್.ಪುರ ಸ್ಟೇಷನ್ನಿನ ಹಿಂದೆಯೇ. ಭಾನುವಾರ ಬೆಳಿಗ್ಗೆ ಹಾಲು ತರುತ್ತೇನೆ ಅಂತ ಹೊರಟೆ. ಈ ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ: ಮೈ ಮೇಲೆ ಮೂರು ಫ್ರಾಕು ಹಾಕಿಕೊಂಡಿದ್ದೆ. ಒಂದರ ಮೇಲೊಂದು. ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ಪ್ಲಾಟ್‌ಫಾರ್ಮ್ ದಾಟುವ ಸೇತುವೆ ಹತ್ತಿ, ಆ ಕಡೆಯ ಮೆಟ್ಟಿಲ ಮಧ್ಯದಲ್ಲಿ ನಿಂತೆ.

ರೈಲು ಬಂತು. ಜನರಲ್ ಬೋಗಿ ನನ್ನ ಎದುರು ಕೆಳಗೇ ನಿಂತಿತು. ಕಿಟಕಿಯಲ್ಲಿ ಮಾಯಾ. ಅವಳೂ ಎರಡು ಫ್ರಾಕು ಹಾಕಿದ್ದಳು, ಕೊರಳ ಹತ್ತಿರ ಒಳಗಿನದರ ಹಳದಿ ಕಾಣುತ್ತಿತ್ತು. ಪಕ್ಕದಲ್ಲಿ ಹಸಿರು ಗೆರೆಯ ಟವಲ್. ದಪ್ಪ ಮನುಷ್ಯನೊಬ್ಬ ಕೂರಲು ಬಗ್ಗಿದ. ಅವಳು ಟವಲ್ ಮೇಲೆ ಕೈ ಇಟ್ಟು ತಲೆ ಅಲ್ಲಾಡಿಸಿದಳು. ಅವನು ಏನೋ ಗದರಿದ. ಅವಳು ಕೈ ತೆಗೆಯಲಿಲ್ಲ. ಪ್ಲಾಟ್‌ಫಾರ್ಮಿನ ಆ ತುದಿ ನೋಡಿದಳು, ಈ ತುದಿ ನೋಡಿದಳು. ಮೇಲೆ ನೋಡಲಿಲ್ಲ.

ನಾನು ಕೂಗಬಹುದಿತ್ತು. ಇಪ್ಪತ್ತು ಮೆಟ್ಟಿಲು ಇಳಿಯಬಹುದಿತ್ತು, ಟಾಟಾ ಮಾಡುವುದಕ್ಕಾದರೂ. ಇಳಿದರೆ ಅದು ಫಾರಿನ್ನು ಅಂತ ಒಪ್ಪಿಕೊಂಡ ಹಾಗೆ, ನಾನು ಸೋತ ಹಾಗೆ. ಜೂನ್‌ನಲ್ಲಿ ಹೇಗೂ ಬರುತ್ತಾಳೆ, ಅಳೋದೆಲ್ಲ ಸುಮ್ಮನೆ, ಅಂದುಕೊಂಡೆ. ರೈಲು ಹೊರಟಿತು. ಹಾಲು ತಗೊಂಡು ಹೋದೆ. ಚಿಕ್ಕಮ್ಮ ನನ್ನನ್ನು ನೋಡಿ, "ಇದೇನೇ ಇದು, ಮೇ ತಿಂಗಳಾಗ ಚಳಿ ಹತ್ತೈತೇನು?" ಅಂದಳು.

ಜೂನ್‌ನಲ್ಲಿ ಬೆಂಚಿನ ಮೇಲೆ ನನ್ನ ಪಕ್ಕ ಬೇರೆ ಹುಡುಗಿ ಕೂತಳು.

ಜುಲೈನಲ್ಲಿ ತಿಲಕ್ ಅಂಕಲ್ ಒಬ್ಬರೇ ನಮ್ಮ ಬಾಗಿಲಿಗೆ ಬಂದರು. ಬಂಗಲೆಯ ಕೆಲಸ ಬಿಟ್ಟು, ಅಲ್ಲಿ ಉಳಿದಿದ್ದ ಪಾತ್ರೆ ಹಾಸಿಗೆ ತಗೊಂಡು ಬೇರೆ ಊರಿಗೆ ಕೆಲಸಕ್ಕೆ ಹೊರಟಿದ್ದರು. ಅವ್ವ ಚಹಾ ಕೊಟ್ಟು ಹುಡುಗಿ ಎಲ್ಲಿ ಅಂತ ಕೇಳಿದಳು.

"ಅಜ್ಜಿ ಹತ್ರ ಇದ್ದಾಳೆ ಅಮ್ಮಾ. ಶಾಲೆ ದೂರ. ಹೋಗಲ್ಲ."

"ಅಯ್ಯ! ನಮಗೊಂದು ಮಾತು ಹೇಳಬಾರದೇನ್ರಿ ಅಣ್ಣಾ?" ಅವ್ವ ಎದೆ ಮೇಲೆ ಕೈ ಇಟ್ಟುಕೊಂಡಳು. "ನಮ್ಮನ್ಯಾಗ ಇಟ್ಕೋತಿದ್ದೆ. ಇವಳ ಜೋಡಿ ಉಂಡು ಸಾಲಿಗಿ ಹೋಗ್ತಿದ್ಲು. ಐದು ಮಂದಿ ಮಲಗೋ ಜಾಗದಾಗ ಆರನೇದಾಕಿ ಹಿಡಿಸಂಗಿಲ್ಲೇನು?"

ಅಂಕಲ್ ಲೋಟ ಕೆಳಗಿಟ್ಟರು. "ಮಾಯಾ ಇವಳ ಕೈಲಿ ಕೇಳಿಸಿದ್ಲಲ್ಲಮ್ಮಾ. ನೀವು ಆಗಲ್ಲ ಅಂದ್ರಿ ಅಂತ ಹೇಳಿದ್ಲು."

ಅವ್ವ ತಿರುಗಿ ನನ್ನನ್ನು ನೋಡಿದಳು. ಅವಳು ಬೈಯಲಿಲ್ಲ, ಹೊಡೆಯಲಿಲ್ಲ. ಡಬ್ಬಿಯಲ್ಲಿದ್ದ ರೊಟ್ಟಿಯನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ ಅಂಕಲ್ ಕೈಗೆ ಕೊಟ್ಟಳು. "ತಪ್ಪಾತ್ರಿ," ಅಂದಳು, ತನ್ನದೇ ತಪ್ಪು ಅನ್ನುವ ಹಾಗೆ.

ಅದರ ಮಾರನೇ ವಾರ ನಲ್ಲಿಯ ಹತ್ತಿರ ಪಕ್ಕದ ಮನೆಯವರು ಮಾಯಾ ಎಲ್ಲಿ ಅಂತ ಕೇಳಿದಾಗ ಅವ್ವ ಮೊದಲ ಸಲ ಆ ಕಥೆ ಹೇಳಿದಳು. "ಹೇಳ್ಲಿಲ್ಲ ಕೇಳ್ಲಿಲ್ಲ, ಹೋಗಿಬಿಟ್ರು ನೋಡ್ರಿ." ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಕಾಲೇಜಿಗೆ ಹೋಗುವಾಗ ಒಮ್ಮೆ ಜಗಳ ತೆಗೆದೆ. "ಯಾಕವ್ವ ಅವರ ಮೇಲೆ ಸುಳ್ಳು ಹೇಳ್ತಿ?" ಅವ್ವ ಹಿಟ್ಟು ನಾದುತ್ತಲೇ ಅಂದಳು: "ಅವರಿಗೇನು, ಇಲ್ಲಿಲ್ಲ. ಹೆಸರು ಕೆಟ್ರೂ ಕೇಳಂಗಿಲ್ಲ. ನೀ ಇಲ್ಲೇ ಇರಾಕಿ." ನಾನು ಗೆದ್ದ ಚರ್ಚೆಗಳು ಎಷ್ಟೋ ಇವೆ. ಇದಕ್ಕೆ ಎದುರು ಮಾತು ಇನ್ನೂ ಸಿಕ್ಕಿಲ್ಲ.

ಆ ಕಾಲೇಜಿನಲ್ಲೇ ಗೊತ್ತಾಯಿತು, ನೇಪಾಳದ ಗಡಿಯಾರ ನಮಗಿಂತ ಕಾಲು ಗಂಟೆ ಮುಂದೆ. ನಿಜವಾಗಿ ಕಾಲು ಗಂಟೆ. ಅಂಕಲ್ ವಾಚ್ ಸರಿಯಾಗಿಯೇ ಇತ್ತು.

ಕಳೆದ ವರ್ಷ ಆಫೀಸಿನ ನಾಲ್ವರು ವಿಯೆಟ್ನಾಂಗೆ ಹೋದೆವು, ಅಗ್ಗದ ವಿಮಾನ, ಅಗ್ಗದ ಹಾಸ್ಟೆಲ್. ನನ್ನ ಮೊದಲ ವಿದೇಶ ಪ್ರಯಾಣ. ಲಗೇಜಿನ ತೂಕ ಜಾಸ್ತಿಯಾದಾಗ ಎಲ್ಲರಿಗೂ ಜಾಕೆಟ್ಟು ಜೀನ್ಸು ಮೈ ಮೇಲೆ ಹಾಕಿಸಿದವಳು ನಾನು. ಮೊದಲು ಕರೆದ ಟ್ಯಾಕ್ಸಿ ಬಿಟ್ಟು ನಡೆಸಿದವಳು ನಾನು. ಬ್ಯಾಗಿನಲ್ಲಿ ಖಡಕ್ ರೊಟ್ಟಿ ಇತ್ತು. "ಇದನ್ನೆಲ್ಲ ಎಲ್ಲಿ ಕಲಿತೆ ಗುರು?" ಅಂತ ಕೇಳಿದರು. ಯೂಟ್ಯೂಬಿನಲ್ಲಿ ನೋಡಿದ್ದು ಅಂದೆ.

ಆ ಬಂಗಲೆ ಈಗ ಬಿಯರ್ ಮಾರುವ ಜಾಗ. ಸಂಪಿನ ಮೇಲೆ ಮರದ ಹಲಗೆ ಹಾಸಿ ಕುರ್ಚಿ ಇಟ್ಟಿದ್ದಾರೆ. ಮೆಟ್ಟಿಲ ಕೆಳಗಿನ ರೂಮಿನಲ್ಲಿ ಖಾಲಿ ಪೆಟ್ಟಿಗೆ ಜೋಡಿಸುತ್ತಾರೆ. ಅವಳನ್ನು ಹುಡುಕಬಹುದಲ್ಲ ಅಂತ ಯಾರಾದರೂ ಕೇಳಿಯಾರು. ನೋಟ್‌ಬುಕ್ಕಿನಲ್ಲಿ ಎಲ್ಲ ಇದೆ: ಯಾವ ರೈಲು, ನೀರಿಗೆ ಎಲ್ಲಿ ಇಳಿಯಬೇಕು, ಗಡಿ ದಾಟಿ ಯಾವ ಕಡೆಯ ಬಸ್ಸು, ಬಸ್ಸಿಳಿದ ಮೇಲೆ ಎಷ್ಟು ಹೊತ್ತು ನಡಿಗೆ. ಊರಿನ ಹೆಸರು ಮಾತ್ರ ಇಲ್ಲ. ಅವಳು ಯಾವಾಗಲೂ "ನಮ್ಮೂರು" ಅನ್ನುತ್ತಿದ್ದಳು, ನಾನು ಹಾಗೇ ಬರೆದುಕೊಂಡಿದ್ದೇನೆ. ಎಲ್ಲದಕ್ಕೂ ಆಕ್ಷೇಪಣೆ ಎತ್ತಿದವಳು ಅದೊಂದನ್ನು ಕೇಳಲಿಲ್ಲ.

ಕೊನೆಯ ಪುಟದ ಕೆಂಪು ಶಾಯಿ ಸ್ವಲ್ಪವೂ ಮಾಸಿಲ್ಲ. ಅದನ್ನು ಹೊಡೆದು ಹಾಕುವ ಹಕ್ಕು ನನಗಿಲ್ಲ, ಹಾಗೇ ಬಿಟ್ಟಿದ್ದೇನೆ. ಕೇಳಬೇಕಾದದ್ದು ಒಂದೇ ಉಳಿದಿದೆ.

ಮಾಯಾ, ಕೆ.ಆರ್.ಪುರ ದಾಟಿದ ಮೇಲೂ, ಆ ಟವಲನ್ನು ಯಾವ ಸ್ಟೇಷನ್ನಿನವರೆಗೆ ಹಾಗೇ ಇಟ್ಟಿದ್ದೆ?