ದಾಕ್ಷಿಣ್ಯದ ಎಳನೀರು

ಎಳನೀರು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಗಬೇಡಿ. ಪಾಪ, ಅದರ ತಪ್ಪೇನೂ ಇಲ್ಲ, ಮರದ ಮೇಲೆ ತನ್ನ ಪಾಡಿಗೆ ತಾನಿರುವಂಥದ್ದು. ನನ್ನ ಸಿಟ್ಟೆಲ್ಲ ಅದನ್ನು ಕೊಚ್ಚಿ, ಫ್ಲಾಸ್ಕಿಗೆ ಸುರಿದು, ಆ ಫ್ಲಾಸ್ಕನ್ನು ಕಂಕುಳಲ್ಲಿ ಅವುಚಿಕೊಂಡು ರೋಗಿಯನ್ನು ನೋಡಲು ಬರುವ ನಮ್ಮ ಜನರ ಮೇಲೆ. ಎಂಬತ್ತರ ದಶಕದ ನೈರೋಬಿಯಲ್ಲಿ ಒಳ್ಳೆಯ ಎಳನೀರು ಸಿಗುವುದೇ ಅಪರೂಪವಾಗಿತ್ತು. ಮೊಂಬಾಸಾದ ಬಸ್ಸಿನಲ್ಲಿ ಬರಬೇಕು, ಮಾರುಕಟ್ಟೆಯಲ್ಲಿ ಸ್ವಾಹಿಲಿಯಲ್ಲಿ ‘ಮಡಾಫು’ ಎಂದು ಕೇಳಿಕೊಂಡು ಅಲೆಯಬೇಕು. ಅಷ್ಟು ಕಷ್ಟಪಟ್ಟು ತಂದದ್ದು ಅಮೃತವೇ ಅಲ್ಲವೇ? ಅದನ್ನು ಬೇಡವೆನ್ನುವವಳು ರಾಕ್ಷಸಿಯೇ ಅಲ್ಲವೇ?

ಆ ರಾಕ್ಷಸಿ ನಾನು. ಮೈಸೂರಿನಲ್ಲಿ ನರ್ಸಿಂಗ್ ಕಲಿತು, ಮೇಷ್ಟರೊಬ್ಬರನ್ನು ಮದುವೆಯಾಗಿ, ಅವರ ಹಿಂದೆಯೇ ನೈರೋಬಿಗೆ ಬಂದು, ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆರು ವರ್ಷ ಕೂಸುಗಳನ್ನು ಎತ್ತಿ, ಡಯಾಲಿಸಿಸ್ ಯಂತ್ರ ಬಂದಾಗ ‘ಯಾರು ಕಲಿಯುತ್ತೀರಿ’ ಎಂದರೆ ಹಿಂದುಮುಂದು ನೋಡದೆ ಕೈಯೆತ್ತಿದವಳು. ಕಣ್ಣಿನ ಕೆಳಗಿನ ಊತ ನೋಡಿಯೇ, ಈ ಮಹಾರಾಯ ನಿನ್ನೆ ಕದ್ದು ನೀರು ಕುಡಿದಿದ್ದಾನೆ ಎಂದು ಹೇಳುವಷ್ಟು ಪಳಗಿದೆ. ಹೊಸ ಡಾಕ್ಟರುಗಳು ಯಂತ್ರದ ಮುಂದೆ ನಿಂತು ‘ಸಿಸ್ಟರ್, ಎಷ್ಟಕ್ಕೆ ಇಡಲಿ?’ ಎಂದು ನನ್ನನ್ನು ಪಿಸುಮಾತಿನಲ್ಲಿ ಕೇಳಿ, ನಾನು ಹೇಳಿದ್ದನ್ನೇ ರೋಗಿಯ ಮನೆಯವರಿಗೆ ಗಟ್ಟಿಯಾಗಿ ಹೇಳುತ್ತಿದ್ದರು. ಈಗ ಇಂಥ ಕೆಲಸಕ್ಕೆ ನರ್ಸ್ ಪ್ರಾಕ್ಟೀಷನರ್ ಎಂಬ ಠೀವಿಯ ಹೆಸರಿದೆಯಂತೆ. ಇರಲಿ, ಸಂತೋಷ. ನಮ್ಮ ಕಾಲದಲ್ಲಿ ಸಿಸ್ಟರ್ ಎಂದರೆ ಬೆಡ್‌ಪ್ಯಾನು ತರುವವಳು, ಅಷ್ಟೇ.

ಶಾರದಮ್ಮ ನನ್ನ ರೋಗಿ, ಪ್ರೈಮರಿ ಶಾಲೆಯ ಟೀಚರು. ಅವರ ಎರಡೂ ಕಿಡ್ನಿ ಹೋಗಿದ್ದವು. ಒಂದನ್ನು ಕೊಡಲು ಅವರ ತಂಗಿ ದಾವಣಗೆರೆಯಿಂದ ಹೊರಟು ನಿಂತಿದ್ದಳು; ಅವಳು ಬಂದು ಆಪರೇಷನ್ ಆಗುವ ತನಕ ಈ ಜೀವವನ್ನು ಉಳಿಸಿಕೊಳ್ಳುವುದು ನನ್ನ ಪಾಲಿನ ಕೆಲಸ. ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಿರುತ್ತದೆ. ನಿಮ್ಮ ನನ್ನ ಕಿಡ್ನಿ ಅದನ್ನು ಸೋಸಿ ಹೊರಗೆ ಹಾಕುತ್ತದೆ, ಕೆಟ್ಟ ಕಿಡ್ನಿಯವರಲ್ಲಿ ಅದು ರಕ್ತದಲ್ಲೇ ನಿಂತು ಗುಂಡಿಗೆಯನ್ನೇ ನಿಲ್ಲಿಸಿಬಿಡಬಹುದು. ಇದನ್ನು ಶಾರದಮ್ಮನಿಗೆ ಹತ್ತು ಸಲ ಹೇಳಿದ್ದೆ. ಅವರ ಗಂಡನ ಅಣ್ಣ, ಲೆಕ್ಚರರ್ ವೆಂಕೋಬರಾಯರಿಗೂ ಹೇಳಿದ್ದೆ. ಆದರೂ ಒಂದು ಮಧ್ಯಾಹ್ನ ರಾಯರು ಫ್ಲಾಸ್ಕಿನೊಡನೆ ಬಂದೇ ಬಂದರು.

‘ಏನಮ್ಮಾ, ಎಳನೀರು ಕುಡಿಯೋದನ್ನ ನೀನು ನಮಗೆ ಹೇಳಿಕೊಡ್ತೀಯಾ? ದೇಹಕ್ಕೆ ತಂಪು. ಬೇಡ ಅಂತ ಡಾಕ್ಟರು ಹೇಳ್ಲಿ, ಆಗ ಕೇಳೋಣ.’

ನಾನು ಫ್ಲಾಸ್ಕನ್ನು ಕಿತ್ತುಕೊಂಡು ಸಿಂಕಿಗೆ ಸುರಿದೆ.

ಅಬ್ಬಬ್ಬಾ, ಏನು ರಾದ್ಧಾಂತ! ಮೇಟ್ರನ್‌ಗೆ ದೂರು ಹೋಯಿತು. ರೋಗಿಯ ಬಂಧುಗಳಿಗೆ ಅವಮಾನ ಮಾಡಿದ್ದಕ್ಕೆ ಕ್ಷಮೆ ಕೇಳು ಎಂದು ಆಕೆ ಹೇಳಿದಳು. ಮನೆಗೆ ಬಂದರೆ ನನ್ನ ಯಜಮಾನರೂ ಅದೇ ರಾಗ: ‘ಇಲ್ಲಿ ಇರೋದೇ ನಾಲ್ಕು ಮನೆ ನಮ್ಮೋರು. ಹಿರಿಯರು ಬೇರೆ. ಒಂದು ಮಾತು ಹೇಳಿಬಿಡೇ, ನಿನ್ನ ಗಂಟೇನು ಹೋಗುತ್ತೆ?’ ಕಿಲಿಮಾನಿ ಬಡಾವಣೆಯಲ್ಲಿದ್ದ ರಾಯರ ಮನೆಗೆ ಹೋಗಿ ‘ತಪ್ಪಾಯ್ತು’ ಎಂದೆ. ರಾಯರು ದೊಡ್ಡ ಮನಸ್ಸು ಮಾಡಿ ಕಾಫಿ ಕೊಡಿಸಿದರು. ಆ ಕಾಫಿಯನ್ನು ಹೇಗೆ ನುಂಗಿದೆನೋ ನನಗೇ ಗೊತ್ತು.

ವಾರ ಕಳೆದಿರಲಿಲ್ಲ. ಸಂದರ್ಶಕರು ಹೋದ ಅರ್ಧ ಗಂಟೆಗೆ ನನ್ನ ಜೊತೆಯ ನರ್ಸ್ ವಾಂಜಿಕು ಓಡಿ ಬಂದಳು. ಶಾರದಮ್ಮನ ಕಾಲಲ್ಲಿ ಕಸುವಿಲ್ಲ, ನಾಡಿ ಕುಂಟುತ್ತಿದೆ, ಮಾನಿಟರಿನ ಗೆರೆ ಚೂಪುಚೂಪಾಗಿ ಮೇಲೇಳುತ್ತಿದೆ. ಮಂಚದ ಪಕ್ಕದಲ್ಲಿ ಖಾಲಿ ಫ್ಲಾಸ್ಕು. ಡಾಕ್ಟರು ಇನ್ನೊಂದು ಕಟ್ಟಡದಲ್ಲಿದ್ದರು. ಫೋನಿನಲ್ಲಿ ಅವರು ಹೂಂ ಎನ್ನುತ್ತಲೇ ನಾನು ಕ್ಯಾಲ್ಸಿಯಂ ಕೊಟ್ಟು, ಯಂತ್ರಕ್ಕೆ ಹಾಕಿ, ಬೈಯುತ್ತಾ, ಅಳುತ್ತಾ, ಗೆರೆ ತಗ್ಗುವ ತನಕ ಶಾರದಮ್ಮನ ಮಣಿಕಟ್ಟು ಬಿಡಲಿಲ್ಲ.

ಕಣ್ಣು ಬಿಟ್ಟಾಗ ಕೇಳಿಯೇ ಕೇಳಿದೆ. ‘ಅಲ್ರೀ, ನಾನು ಅಷ್ಟು ಬಡಕೊಂಡಿದ್ದೆನಲ್ಲ, ನಂಬಿಕೆ ಬರಲಿಲ್ವಾ?’

‘ನಂಬಿದ್ದೆ ಸಿಸ್ಟರ್,’ ಎಂದರು ಶಾರದಮ್ಮ, ಕ್ಷೀಣವಾಗಿ. ‘ಭಾವನವರು ಎದುರಿಗೇ ನಿಂತು ಲೋಟಕ್ಕೆ ಬಗ್ಗಿಸಿಕೊಟ್ಟರು. ಬೇಡ ಅನ್ನೋಕೆ ಬಾಯಿ ಬರಲಿಲ್ಲ.’

ಓದುಗ ಮಿತ್ರರೇ, ಅಜ್ಞಾನವನ್ನು ನಾನು ಕ್ಷಮಿಸಿಯೇನು; ತಿಳಿಹೇಳಿದರೆ ಹೋಗುತ್ತದೆ. ಆದರೆ ಸಾವು ಲೋಟದಲ್ಲಿದೆ ಎಂದು ಗೊತ್ತಿದ್ದೂ, ಕೊಟ್ಟ ಕೈ ನೊಂದೀತೆಂದು ಗಟಗಟನೆ ಕುಡಿಸುವ ಈ ದಾಕ್ಷಿಣ್ಯಕ್ಕೆ ಯಾವ ಮದ್ದು ಅರೆಯಲಿ? ಆಕೆಯನ್ನು ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಸರಿಯಾದದ್ದನ್ನು ಮಾಡಿಯೂ ಹಿರಿಯರ ಮುಖ ನೋಡಿ ತಪ್ಪಾಯ್ತು ಎಂದು ಬಂದವಳು ಯಾರು? ನಾನು ಆ ಮಾತು ಹೇಳದಿದ್ದರೆ, ರಾಯರಿಗೆ ಮತ್ತೆ ಫ್ಲಾಸ್ಕು ಹಿಡಿದು ಬರುವ ಧೈರ್ಯ ಎಲ್ಲಿಂದ ಬರುತ್ತಿತ್ತು? ಇದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಕೆಟ್ಟ ಕೋಪ ಬರುತ್ತದೆ.

ಹೊರಗೆ ಕಾರಿಡಾರಿನಲ್ಲಿ, ಸುದ್ದಿ ಕೇಳಿ ಓಡಿ ಬಂದಿದ್ದ ರಾಯರು ಆಗಷ್ಟೇ ಬಂದ ಡಾಕ್ಟರ ಎರಡೂ ಕೈ ಹಿಡಿದುಕೊಂಡು, ದೇವರ ಹಾಗೆ ಬಂದು ಕಾಪಾಡಿದಿರಿ ಎನ್ನುತ್ತಿದ್ದರು. ನಾನು ನೆಟ್ಟಗೆ ಹೋಗಿ ಮಧ್ಯೆ ನಿಂತು, ಡಾಕ್ಟರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದೆ: ‘ರಾಯರೇ, ಹೋದ ವಾರ ನಿಮ್ಮ ಮನೆಗೆ ಬಂದು ಕ್ಷಮೆ ಕೇಳಿದ್ದೆನಲ್ಲ, ಅದನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ನಾನು ತಪ್ಪು ಮಾಡಿರಲಿಲ್ಲ. ನೀವು ತಂದ ಎಳನೀರೇ ಇವತ್ತು ಆಕೆಯನ್ನು ಕೊಲ್ಲುತ್ತಿತ್ತು.’

ರಾಯರು ಡಾಕ್ಟರ ಕಡೆಗೆ ತಿರುಗಿ ಕೇಳಿದರು: ‘ಹೌದೇ, ಡಾಕ್ಟರ್?’